ಬದಲಿ ಬರುವವರೆಗೆ

ಊರಿನಲ್ಲಿ ಅವರನ್ನು ಎಲ್ಲರೂ ಕರೆಯುವುದು ಕುರ್ಚಿ ಮಾಮ ಎಂದೇ. ಕುರ್ಚಿ ಎಂದೊಡನೆ ಅಧಿಕಾರ ಗಿಧಿಕಾರ ಎಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಊರಿನ ಸಣ್ಣ ವಸ್ತುಸಂಗ್ರಹಾಲಯದಲ್ಲಿ ಮೂರನೇ ಕೋಣೆಯ ಕಾವಲು ಅವರ ಕೆಲಸ. ಆ ಕೆಲಸಕ್ಕೆ ಬೇಕಾದದ್ದು ಒಂದು ಕುರ್ಚಿ ಮತ್ತು ಅದರಿಂದ ಏಳದಿರುವ ಮನಸ್ಸು. ಕುರ್ಚಿಯನ್ನು ಸಂಗ್ರಹಾಲಯದವರು ಕೊಟ್ಟರು, ಮನಸ್ಸನ್ನು ಮಾಮ ಮನೆಯಿಂದಲೇ ತಂದಿದ್ದರು. ಅವರು ಮಾಮ ಆದ ಮೇಲೆ ಅವರ ಹೆಂಡತಿ, ಯಾರ ಒಪ್ಪಿಗೆಯನ್ನೂ ಕೇಳದೆ, ಊರಿಗೆಲ್ಲ ಅತ್ತೆ ಆದರು.

ಕೆಲಸಕ್ಕೆ ಸೇರಿದ ದಿನ ಹಳೆಯ ಮೇಲ್ವಿಚಾರಕರು ಮಾಮನಿಗೆ ಎರಡೇ ಪಾಠ ಹೇಳಿಕೊಟ್ಟಿದ್ದರು. ವಸ್ತುವಿಗೆ ಬೆನ್ನು, ಜನಕ್ಕೆ ಕಣ್ಣು, ಇದು ಮೊದಲನೆಯದು. ಬದಲಿಯವನು ಬಂದು ಪಕ್ಕದಲ್ಲಿ ನಿಲ್ಲುವವರೆಗೆ ಕುರ್ಚಿ ಬಿಡಬಾರದು, ಇದು ಎರಡನೆಯದು. ಆ ಪುಣ್ಯಾತ್ಮರು ತೀರಿಕೊಂಡು ಎಷ್ಟೋ ಕಾಲವಾಯಿತು, ಪಾಠ ಮಾತ್ರ ಮಾಮನ ಬೆನ್ನುಮೂಳೆಯಲ್ಲಿ ಕೂತುಬಿಟ್ಟಿತು. ಮೂರನೇ ಕೋಣೆಯಲ್ಲಿರುವುದು ಒಂದು ಕಲ್ಲಿನ ಕುದುರೆ. ಅದರ ಮುಖ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ನೆಂಟರೊಬ್ಬರು ಊಟಕ್ಕೆ ಕೂತಾಗ ಕೇಳಿದರು. ಮಾಮ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದರು.

"ಅದು ಗೊತ್ತಿಲ್ಲಪ್ಪ," ಎಂದರು ಕೊನೆಗೆ. "ಆದ್ರೆ ಇವತ್ತಿನವರೆಗೂ ಅದನ್ನ ಯಾರೂ ಮುಟ್ಟಿಲ್ಲ."

ಹೀಗೆ ಹೇಳಿದರೆ ನಗು ಬರುತ್ತದೆ, ಬರಲಿ. ಅತ್ತೆಗೆ ಮಾತ್ರ ನಗು ಬರುತ್ತಿರಲಿಲ್ಲ, ಅದಕ್ಕೆ ಕಾರಣವಿತ್ತು. ಅವರಿಗೆ ಹೆರಿಗೆ ನೋವು ಶುರುವಾದಾಗ ಪಕ್ಕದ ಮನೆಯವರು ಸಂಗ್ರಹಾಲಯಕ್ಕೆ ಓಡಿದ್ದರು. ಮಾಮ ಸುದ್ದಿ ಕೇಳಿದರು, ಬೆವರಿದರು, ಕುರ್ಚಿಯ ತುದಿಗೆ ಬಂದು ಕೂತರು. ಅಂದು ಬದಲಿಯವನಿಗೆ ಹಲ್ಲುನೋವು, ಅವನು ಬಂದದ್ದು ಸಂಜೆಗೆ. ಮಗಳು ಹುಟ್ಟಿ, ಅತ್ತು, ಕಣ್ಣು ಬಿಟ್ಟು, ಸುತ್ತಲೂ ನೋಡಿ, ಸಾಕಾಗಿ ನಿದ್ದೆ ಹೋದ ಮೇಲೆ ಅಪ್ಪ ಏದುಸಿರು ಬಿಡುತ್ತ ಬಂದರು. ಅತ್ತೆ ಅಂದು ಒಂದು ಮಾತೂ ಆಡಲಿಲ್ಲ. ಆ ಆಡದ ಮಾತನ್ನು ಮುಂದಿನ ಇಪ್ಪತ್ತೇಳು ವರ್ಷಗಳಲ್ಲಿ ಕಂತುಕಂತಾಗಿ ಆಡಿದರು.

ಅದೇ ಮಗಳು ಈಗ ದೊಡ್ಡವಳಾಗಿ, ಕೆಲಸ ಹಿಡಿದು, ಅಪ್ಪ ಅಮ್ಮನಿಗೆ ಮಹಾನಗರಕ್ಕೆ ಒಂದು ವಾರದ ಪ್ರವಾಸ ಗೊತ್ತುಮಾಡಿದಳು. "ಅಪ್ಪ, ರಜೆ ಅಂದ್ರೆ ಕುರ್ಚಿ ಬಿಟ್ಟು ಏಳೋದು. ಅಷ್ಟು ನೆನಪಿಟ್ಕೋ ಸಾಕು," ಎಂದು ನಿಲ್ದಾಣದಲ್ಲಿ ಬೀಳ್ಕೊಟ್ಟಳು. ಮಾಮ ತಲೆಯಾಡಿಸಿದರು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅತ್ತೆ ಮನಸ್ಸಿನಲ್ಲೇ ಅಂದುಕೊಂಡರು, ಆದರೂ ಹೊಸ ಚಪ್ಪಲಿ ಹಾಕಿಕೊಂಡು ಹೊರಟರು.

ಅತ್ತೆಗೆ ಆ ನಗರದಲ್ಲಿ ಬೇಕಾಗಿದ್ದುದು ಒಂದೇ ಒಂದು, ಗೋಪುರ. ಮದುವೆಯಾದ ವರ್ಷ ಮನೆಗೆ ಬಂದ ಒಂದು ಬಿಸ್ಕತ್ತಿನ ಡಬ್ಬದ ಮುಚ್ಚಳದ ಮೇಲೆ ಅದರ ಚಿತ್ರವಿತ್ತು. ಮುಳುಗುವ ಸೂರ್ಯ, ಎತ್ತರದ ಗೋಪುರ, ಅದರ ತುದಿಯಲ್ಲಿ ಕಡ್ಡಿಯಂಥ ಇಬ್ಬರು ಮನುಷ್ಯರು, ಒಂದು ಗಂಡು, ಒಂದು ಹೆಣ್ಣು. ಬಿಸ್ಕತ್ತು ತಿಂದು ಮುಗಿಯಿತು. ಡಬ್ಬದಲ್ಲಿ ಸೂಜಿ ದಾರ ತುಂಬಿಟ್ಟ ಅತ್ತೆ, ಹರಿದದ್ದನ್ನು ಹೊಲಿಯಲು ಕೂತಾಗಲೆಲ್ಲ ಆ ಇಬ್ಬರನ್ನು ನೋಡುತ್ತಿದ್ದರು. ಮಗಳಿಗೆ ಇದು ಗೊತ್ತಿತ್ತು. ಅದಕ್ಕೇ ಮೊದಲ ದಿನವೇ, ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ, ಗೋಪುರ ಹತ್ತಲು ಎರಡು ಟಿಕೆಟ್ ಮಾಡಿಸಿದ್ದಳು. ಅತ್ತೆ ಮುಚ್ಚಳವನ್ನೂ ಕೈಚೀಲದಲ್ಲಿ ಹಾಕಿಕೊಂಡಿದ್ದರು, ಹೋಲಿಸಿ ನೋಡಲು.

ಬೆಳಿಗ್ಗೆ ಇಬ್ಬರೂ ಮೇಲ್ಛಾವಣಿಯಿಲ್ಲದ ಎರಡಂತಸ್ತಿನ ಪ್ರವಾಸಿ ಬಸ್ಸು ಹತ್ತಿದರು. ಅದು ಸಂಜೆಯವರೆಗೆ ನಗರವನ್ನು ಸುತ್ತುತ್ತಲೇ ಇರುತ್ತದೆ, ಕೊನೆಯ ಸುತ್ತು ಗೋಪುರದ ಬಳಿ ನಿಲ್ಲುತ್ತದೆ ಎಂದು ಗೈಡ್ ಮೈಕಿನಲ್ಲಿ ಹೇಳಿದ. ಮೊದಲ ತಂಗುದಾಣ ನಗರದ ದೊಡ್ಡ ವಸ್ತುಸಂಗ್ರಹಾಲಯ. ಅದನ್ನು ಕೇಳಿ ಅತ್ತೆ ಗಂಡನ ಮುಖ ನೋಡಿದರು. ಗಂಡ ಕೆಮ್ಮಿದರು.

"ಬರೀ ನೋಡ್ಕೊಂಡು ಬರ್ತೀನಿ," ಎಂದರು. "ನೀನು ಕೆಳಗಡೆ ಒಡವೆ ಇಟ್ಟಿರೋ ಕಡೆ ನೋಡ್ತಿರು."

ಮಾಮ ಮಹಡಿ ಹತ್ತಿ ಕೋಣೆಯಿಂದ ಕೋಣೆಗೆ ನಡೆದರು. ಅವರು ನೋಡಿದ್ದು ಕುರ್ಚಿಗಳನ್ನು. ಯಾವುದಕ್ಕೆ ಕೈಯಿದೆ, ಯಾವುದಕ್ಕೆ ಮೆತ್ತೆಯಿದೆ, ಯಾವುದು ಕಿಟಕಿಯ ಗಾಳಿಗೆ ಒಡ್ಡಿಕೊಂಡಿದೆ. ಮೂಲೆಯ ದೊಡ್ಡ ಕೋಣೆಯಲ್ಲಿ ಒಂದೇ ಗೋಡೆಯ ಮುಂದೆ ಕೆಂಪು ಹಗ್ಗ ಕಟ್ಟಿತ್ತು. ಹಗ್ಗದ ಈಚೆಗೆ, ಗೋಡೆಗೆ ಬೆನ್ನು ಹಾಕಿ, ಕೈಯಿರುವ, ಮೆತ್ತೆಯಿರುವ, ಬೀದಿಯ ಕಿಟಕಿಗೆ ತಾಗಿದ ಒಂದು ಕುರ್ಚಿ. ಅದರಲ್ಲಿ ಸಮವಸ್ತ್ರದ ಕೋಟು ತೊಟ್ಟ ಪೊದೆ ಮೀಸೆಯ ಕಾವಲುಗಾರನೊಬ್ಬ ಜಾರಿಕೊಂಡು ಕೂತಿದ್ದ. ಅಂಥ ಕುರ್ಚಿಯಲ್ಲಿ ಹೀಗೆ ಕೂರುವುದೇ ಎಂದು ಮಾಮನ ಹೊಟ್ಟೆ ಉರಿಯಿತು. ಗೋಡೆಯ ಕಡೆಗೆ ಅವರ ಕಣ್ಣು ಹೋಗಲೇ ಇಲ್ಲ.

"ನಾನೂ ಇದೇ ಕೆಲಸದವನು," ಎಂದರು ಮಾಮ.

ಮೀಸೆಯವನ ಮುಖ ಅರಳಿತು. "ಹೌದಾ? ಒಳ್ಳೇದಾಯ್ತು. ಎರಡು ನಿಮಿಷ ಕೂತಿರಿ, ಒಂದು ಟೀ ಕುಡ್ಕೊಂಡು ಬಂದ್ಬಿಡ್ತೀನಿ. ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಹೆಂಡತಿ ಕಾಯುತ್ತಿದ್ದಾಳೆ, ಬಸ್ಸು ಹೊರಡುತ್ತದೆ ಎಂದು ಏನಾದರೂ ಕುಂಟುನೆಪ ಹೇಳುತ್ತಿದ್ದರು. ಆದರೆ ಒಬ್ಬ ಕಾವಲುಗಾರ ಇನ್ನೊಬ್ಬ ಕಾವಲುಗಾರನಿಗೆ ಇಲ್ಲ ಎನ್ನುವುದುಂಟೆ? ಮಾಮ ಕೂತರು. ಮೆತ್ತೆ ಅವರ ಕಲ್ಪನೆಗಿಂತ ಮೆತ್ತಗಿತ್ತು.

ಎರಡು ನಿಮಿಷ ಹತ್ತಾಯಿತು, ಹತ್ತು ಇಪ್ಪತ್ತಾಯಿತು. ಕೊನೆಗೆ ಬಂದದ್ದು ಮೀಸೆಯಲ್ಲ, ಅತ್ತೆ. ಒಂದು ಕೈಯಲ್ಲಿ ಕೈಚೀಲ, ಇನ್ನೊಂದರಲ್ಲಿ ಗಂಡನ ಹೊಸ ಟೋಪಿ. ಬಾಗಿಲಲ್ಲೇ ನಿಂತು, ಕುರ್ಚಿಯಲ್ಲಿ ನೆಟ್ಟಗೆ ಕೂತ ಗಂಡನನ್ನು ನೋಡಿದರು.

"ಇದೇನ್ರೀ ಇದು?"

"ಪಾಪ, ಆತ ಟೀ ಕುಡಿಯೋಕೆ ಹೋಗಿದಾನೆ. ಬಂದ್ಬಿಡ್ತಾನೆ."

"ಬಸ್ಸು ಹೊರಡ್ತಾ ಇದೆ. ಏಳಿ."

"ಬದಲಿ ಬರ್ಲಿ ಕಣೇ."

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಮೆಲ್ಲಗೆ, "ಮಗಳು ಹುಟ್ಟಿದಾಗಲೂ ಇದನ್ನೇ ಅಂದಿದ್ರಿ," ಎಂದರು. ತಿರುಗಿ ಹೊರಟರು. ಹೊಸ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೆಳಕೆಳಗೆ ಹೋಯಿತು.

ಮಾಮ ಕುರ್ಚಿಯಲ್ಲೇ ಕತ್ತು ಚಾಚಿ ಕಿಟಕಿಯಿಂದ ಕೆಳಗೆ ನೋಡಿದರು. ಬಾಗಿಲ ಬಳಿಯ ಟೀ ಗಾಡಿಯ ಹತ್ತಿರ ಮೀಸೆಯವ ನಿಂತಿದ್ದ. ಅತ್ತೆ ಅವನ ಕೋಟು ನೋಡಿ ಗುರುತು ಹಿಡಿದರು, ಹತ್ತಿರ ಹೋದರು, ಏನೋ ಕೇಳಿದರು. ಅವನು ಮಹಡಿಯ ಕಡೆ ಕೈ ತೋರಿಸಿದ. ಅತ್ತೆ ಬಸ್ಸಿನ ಕಡೆ ಕೈ ತೋರಿಸಿದರು. ಅವನು ತನ್ನ ಎದೆಯ ಮೇಲೆ ಬೆರಳಿಟ್ಟುಕೊಂಡು, ನಾನಾ ಎಂದು ಕೇಳಿದಂತೆ ಕಂಡಿತು. ಅತ್ತೆ ಹೌದೆಂದು ತಲೆಯಾಡಿಸಿ ಗಂಡನ ಟೋಪಿಯನ್ನು ಅವನ ಕೈಗೆ ಕೊಟ್ಟರು. ಬದಲಿ ಬಾರದೆ ಈ ಮನುಷ್ಯ ಏಳುವುದಿಲ್ಲ ಎಂದ ಮೇಲೆ, ಬದಲಿಯನ್ನೇ ಎತ್ತಿಕೊಂಡು ಹೋದರೆ ಏನಾಗುತ್ತದೆ ನೋಡೇ ಬಿಡೋಣ ಎಂದು ಅತ್ತೆಗೆ ಅನ್ನಿಸಿರಬೇಕು. ಬಸ್ಸು ಕಿಟಕಿಯ ಮುಂದೆಯೇ ಹಾದುಹೋಯಿತು. ಮೇಲಂತಸ್ತಿನಲ್ಲಿ, ಮಾಮನ ಸೀಟಿನಲ್ಲಿ, ಮಾಮನ ಟೋಪಿ ಹಾಕಿಕೊಂಡು ಮೀಸೆ ಕೂತಿತ್ತು. ಅತ್ತೆ ನೇರವಾಗಿ ಮುಂದೆ ನೋಡುತ್ತಿದ್ದರು.

ಮಾಮ ಒಂದು ಗೇಣು ಮೇಲೆದ್ದರು. ಅಷ್ಟರಲ್ಲಿ ಯಾರೋ ಹಗ್ಗದ ಮೇಲೆ ಬಾಗಿ ಗೋಡೆಗೆ ಮೂಗು ತಾಗಿಸಹೊರಟರು. "ದೂರ ನಿಲ್ಲಿ," ಎನ್ನುತ್ತ ಮಾಮ ಮತ್ತೆ ಕೂತರು.

ಆಮೇಲೆ ಮೇಲ್ವಿಚಾರಕಿ ಬಂದರು. ಸೊಂಟದಲ್ಲಿ ಬೀಗದ ಕೈ ಗೊಂಚಲು, ಮುಖದಲ್ಲಿ ಬೀಗ.

"ಕೋಟು ಎಲ್ಲಿ?"

"ನಾನು ಇಲ್ಲಿಯವನಲ್ಲಮ್ಮ. ರಜೆ ಮೇಲಿದೀನಿ."

"ರಜೆ ಮೇಲಿದ್ರೆ ಕುರ್ಚಿ ಮೇಲೆ ಯಾಕಿದೀರಿ?"

"ಬದಲಿ ಬರ್ಲಿ ಅಂತ ಕಾಯ್ತಿದೀನಿ."

"ನೀವೇ ಬದಲಿ ಅಲ್ವಾ?"

ಮಾಮ ಯೋಚಿಸಿದರು. ಆ ಲೆಕ್ಕದಲ್ಲಿ ನೋಡಿದರೆ ಹೌದು. "ಹೌದು, ಆದ್ರೆ ಬದಲಿಗೂ ಒಂದು ಬದಲಿ ಬೇಕಲ್ಲ," ಎಂದರು.

"ಅದೆಲ್ಲ ನಂಗೆ ಗೊತ್ತಿಲ್ಲ. ಪ್ರವಾಸಿಗರು ಬರೋ ಕಾಲದಲ್ಲಿ ಯಾರಿಗೂ ರಜೆ ಇಲ್ಲ. ಯಾರು ಮಂಜೂರು ಮಾಡಿದ್ದು ನಿಮ್ಮ ರಜೆನ?" ಮೇಲ್ವಿಚಾರಕಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಧ್ವನಿ ಸ್ವಲ್ಪ ಇಳಿಯಿತು. "ಆದ್ರೆ ಒಂದು ಮಾತು. ಈ ಕುರ್ಚಿಯಲ್ಲಿ ಒಬ್ಬ ಮನುಷ್ಯ ನೆಟ್ಟಗೆ ಕೂತಿದ್ದನ್ನ ಇವತ್ತೇ ನೋಡಿದ್ದು."

ಹತ್ತು ನಿಮಿಷದಲ್ಲಿ ಕೋಟು ಬಂತು. ತೋಳು ಉದ್ದ, ಹೊಟ್ಟೆ ಬಿಗಿ. ಹೊಗಳಿಕೆ ಎಂಥವನನ್ನೂ ಕೆಡಿಸುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ, ಮಾಮ ಕೋಟು ತೊಟ್ಟು ಗುಂಡಿ ಹಾಕಿಕೊಂಡರು.

ಜನ ಬರುತ್ತಲೇ ಇದ್ದರು. ಊರಿನ ಕಲ್ಲುಕುದುರೆಯ ಮುಂದೆ ಜನ ಆಕಳಿಸುತ್ತಿದ್ದರು. ಇಲ್ಲಿ ಹಾಗಲ್ಲ. ಬಂದವರು ಮಾಮನ ತಲೆಯ ಮೇಲಿಂದ ಗೋಡೆಯನ್ನು ನೋಡಿ ಮೊದಲು ಬೆಚ್ಚುತ್ತಿದ್ದರು, ಆಮೇಲೆ ಅಕ್ಕಪಕ್ಕದವರ ಮುಖ ನೋಡುತ್ತಿದ್ದರು, ಆಮೇಲೆ ಗಂಭೀರವಾಗಿ ತಲೆದೂಗುತ್ತಿದ್ದರು. ಉದ್ದ ಕೂದಲಿನ ಚಿತ್ರಕಲೆಯ ವಿದ್ಯಾರ್ಥಿಯೊಬ್ಬ ನೆಲದ ಮೇಲೆ ಕೂತು, ಒಂದು ಗಂಟೆ ಹಾಳೆ ಕೆರೆದು, ತೃಪ್ತಿಯಿಂದ ಎದ್ದುಹೋದ. ವಯಸ್ಸಾದ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ಪುಟ್ಟ ಹುಡುಗಿಯೊಬ್ಬಳು, "ಅಮ್ಮ, ಇಷ್ಟೇನಾ?" ಎಂದು ಕೇಳಿದಳು. "ಮೆಲ್ಲಗೆ ಮಾತಾಡು. ಇದೆಲ್ಲ ದೊಡ್ಡೋರಿಗೆ ಮಾತ್ರ ಅರ್ಥ ಆಗೋದು," ಎಂದು ಅಮ್ಮ ಗದರಿದರು. ಹಿಂದೆ ಏನಿರಬಹುದೆಂದು ನೋಡಲು ಮಾಮನಿಗೂ ಒಮ್ಮೆ ಆಸೆಯಾಯಿತು. ಆದರೆ ಜನಕ್ಕೆ ಬೆನ್ನು ಹಾಕುವುದುಂಟೆ?

ಬಸ್ಸು ಎರಡನೇ ಸುತ್ತಿಗೆ ಬಂದಾಗ ಅತ್ತೆ ಮತ್ತು ಮೀಸೆ ಐಸ್‌ಕ್ರೀಮ್ ತಿನ್ನುತ್ತಿದ್ದರು. ಮೂವತ್ತು ವರ್ಷ ಆ ನಗರದಲ್ಲೇ ಇದ್ದು ಅದರ ಒಂದು ಕಲ್ಲನ್ನೂ ನೋಡದ ಮನುಷ್ಯನಂತೆ ಮೀಸೆಯವ ಕಂಡಕಂಡದ್ದಕ್ಕೆಲ್ಲ ಬಾಯಿ ಬಿಡುತ್ತಿದ್ದ. ಮೂರನೇ ಸುತ್ತಿನಲ್ಲಿ ಅತ್ತೆ ಕೈಯಾಡಿಸುತ್ತ ಹಿಂದಿನ ಸೀಟಿನವರಿಗೆ ಏನೋ ಕಥೆ ಹೇಳುತ್ತಿದ್ದರು, ಗೈಡ್ ಕೂಡ ಮೈಕು ಮರೆತು ಕೇಳುತ್ತಿದ್ದ. ನಾಲ್ಕನೇ ಸುತ್ತಿನಲ್ಲಿ ಬಸ್ಸು ಕಿಟಕಿಯ ಮುಂದೆ ನಿಧಾನವಾಯಿತು.

"ಈಗ ನಿಮ್ಮ ಎಡಗಡೆ, ಮೇಲಿನ ಕಿಟಕಿ ನೋಡಿ," ಎಂದು ಮೈಕು ಹೇಳಿತು. "ಬದಲಿ ಬರುವವರೆಗೆ ಏಳದ ಮನುಷ್ಯ. ಹೆಂಡತಿ ಹೆರಿಗೆಗೂ ಎದ್ದವರಲ್ಲ."

ಇಡೀ ಬಸ್ಸು ತಿರುಗಿ ನೋಡಿತು. ಕ್ಯಾಮೆರಾಗಳು ಮೇಲೆದ್ದವು. ಮಾಮನ ಟೋಪಿಯನ್ನು ತೆಗೆದು ಮಾಮನಿಗೇ ಬೀಸಿದ್ದು ಮೀಸೆಯವ. ಮರುಸುತ್ತಿನಿಂದ ಬಸ್ಸಿಳಿದವರು ನೇರವಾಗಿ ಮಹಡಿ ಹತ್ತಿ ಬರತೊಡಗಿದರು. ಅವರು ಗೋಡೆಯನ್ನು ನೋಡಲಿಲ್ಲ, ಮಾಮನನ್ನು ನೋಡಿದರು. ಸುತ್ತಲೂ ನಿಂತು ಪಿಸುಗುಟ್ಟಿದರು.

"ನಿಜವಾಗಿಯೂ ಏಳಲ್ವಾ?"

"ಊಟಕ್ಕೂ ಏಳಲ್ವಂತೆ."

"ಕಲ್ಲಿನ ತರ ಇದಾರೆ. ಒಂದ್ಸಲ ಮುಟ್ಟಿ ನೋಡ್ಲಾ?"

"ಮುಟ್ಟಬಾರದು," ಎಂದರು ಮಾಮ, ರೂಢಿಯಿಂದ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಮೇಲ್ವಿಚಾರಕಿ ಬಂದು, ಗುಂಪು ನೋಡಿ, ಇನ್ನೊಂದು ಕೆಂಪು ಹಗ್ಗ ತರಿಸಿ ಮಾಮನ ಸುತ್ತ ಕಟ್ಟಿಸಿದರು.

ನಗರ ನೋಡಲು ಬಂದವರನ್ನೇ ನಗರ ಸಾಲುಗಟ್ಟಿ ನೋಡಿತು. ಊರಿನಲ್ಲಾಗಿದ್ದರೆ ಮಾಮನಿಗೆ ಹೆಮ್ಮೆಯಾಗುತ್ತಿತ್ತೋ ಏನೋ. ಆದರೆ ಹಗ್ಗದೊಳಗೆ ಕೂತ ಅವರ ಕಣ್ಣ ಮುಂದೆ ಬರುತ್ತಿದ್ದುದು ಬಸ್ಸಿನ ಮೇಲೆ ನಗುತ್ತಿದ್ದ ಅತ್ತೆಯ ಮುಖ. ಹೆಂಡತಿ ಅಷ್ಟು ಬಾಯ್ತುಂಬ ನಗುವುದನ್ನು ಅವರು ನೋಡಿ ಎಷ್ಟು ಕಾಲವಾಗಿತ್ತು? ಗಂಡನ ಕಥೆ ಹೇಳಿಯೇ ನಗುತ್ತಿದ್ದಾಳೆ, ಗಂಡ ಮಾತ್ರ ಆ ನಗುವಿನ ಪಕ್ಕದಲ್ಲಿಲ್ಲ. ಮೀಸೆಯವನ ಮೇಲೆ ಅವರಿಗೆ ಸಿಟ್ಟು ಬರಲಿಲ್ಲ. ಆ ಸೀಟಿನ ಮೇಲೆ ಆಸೆಯಾಯಿತು.

ಕಿಟಕಿಯ ಬೆಳಕು ಹಳದಿಗೆ ತಿರುಗಿತು. ಮೇಲ್ವಿಚಾರಕಿ ಬಾಗಿಲಿನಿಂದಲೇ ಹೇಳಿದರು, "ರಾತ್ರಿ ಪಾಳಿಯವನು ಕತ್ತಲಾದ ಮೇಲೆ ಬರ್ತಾನೆ. ಅವನು ಬಂದ ಮೇಲೆ ನೀವು ಹೋಗ್ಬಹುದು." ನ್ಯಾಯವಾದ ಮಾತು. ಕತ್ತಲಾದ ಮೇಲೆ ಗೋಪುರದ ಟಿಕೆಟ್ ಬರೀ ಕಾಗದದ ಚೂರು.

ಬಸ್ಸು ಕೊನೆಯ ಸುತ್ತಿಗೆ ಬಂದು ಕಿಟಕಿಯ ಕೆಳಗಿನ ಸಿಗ್ನಲ್ಲಿಗೆ ನಿಂತಿತು. ಮಾಮ ಕತ್ತು ಚಾಚಿದರು. ಮೀಸೆ ಇರಲಿಲ್ಲ. ದಾರಿಯಲ್ಲಿ ಅವನ ಮನೆ ಸಿಕ್ಕಿತಂತೆ, ಇಳಿದು ಹೋಗಿಬಿಟ್ಟಿದ್ದ. ಈ ಸಂಗತಿ ಆಮೇಲೆ ತಿಳಿದದ್ದು. ಆಗ ಕಂಡದ್ದು ಖಾಲಿ ಸೀಟು, ಅದರ ಮೇಲೆ ಟೋಪಿ, ಪಕ್ಕದಲ್ಲಿ ಅತ್ತೆ. ಗೈಡ್ ಮೈಕು ಎತ್ತಿ ಎಡಗಡೆ ನೋಡಿ ಎನ್ನುವಷ್ಟರಲ್ಲಿ ಅತ್ತೆ ಬೇಡವೆಂದು ಕೈ ಮಾಡಿದರು. ಅವರು ಕಿಟಕಿಯ ಕಡೆ ನೋಡಲಿಲ್ಲ. ಚೀಲದಿಂದ ಬಿಸ್ಕತ್ತಿನ ಡಬ್ಬದ ಮುಚ್ಚಳ ತೆಗೆದು, ಸೆರಗಿನಿಂದ ಒರೆಸಿ, ತೊಡೆಯ ಮೇಲಿಟ್ಟುಕೊಂಡರು.

ಮಾಮ ಎದ್ದುನಿಂತರು.

ಮಂಡಿ ಲಟಕ್ ಎಂದಿತು. ಸೂರು ಕಳಚಿ ಬೀಳಲಿಲ್ಲ, ಗಂಟೆ ಬಾರಿಸಲಿಲ್ಲ. ಸುತ್ತ ನಿಂತಿದ್ದ ಪ್ರವಾಸಿಗಳು ಮಾತ್ರ, ವಿಗ್ರಹವೇ ಎದ್ದುನಿಂತಿತೋ ಎಂಬಂತೆ, ಬಾಯಿ ತೆರೆದುಕೊಂಡು ದಾರಿ ಬಿಟ್ಟರು. ಮುಳುಗಿದವನಿಗೆ ಮಳೆಯೇನು, ಚಳಿಯೇನು? ಎರಡನೇ ಪಾಠ ಮುರಿದದ್ದಾಯಿತು, ಮೊದಲನೆಯದೂ ಮುರಿಯಲಿ ಎಂದು ಮಾಮ ತಿರುಗಿ ಗೋಡೆ ನೋಡಿದರು.

ಗೋಡೆಯ ಮೇಲೆ ಒಂದು ಮೊಳೆಯಿತ್ತು. ಮೊಳೆಯ ಕೆಳಗೆ ಒಂದು ಚೀಟಿ. "ಚಿತ್ರವನ್ನು ದುರಸ್ತಿಗೆ ಕಳುಹಿಸಲಾಗಿದೆ. ದಯವಿಟ್ಟು ಮೊಳೆಯನ್ನು ಮುಟ್ಟಬೇಡಿ."

ಮಾಮ ಅದನ್ನು ಎರಡು ಸಲ ಓದಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡಕ್ಕೂ ಹೊತ್ತಿರಲಿಲ್ಲ. ಹಗ್ಗ ದಾಟಿ ಓಡಿದರು. ಮೆಟ್ಟಿಲ ತಿರುವಿನಲ್ಲಿ ಮೇಲ್ವಿಚಾರಕಿ ಎರಡೂ ಕೈ ಚಾಚಿ ಅಡ್ಡ ನಿಂತರು.

"ಎಲ್ಲಿಗೆ? ಕುರ್ಚಿ ಬಿಟ್ಟು?"

"ನಂಗೆ ಮಗಳು ಹುಟ್ಟಿದಾಳೆ," ಎಂದರು ಮಾಮ.

ಮೇಲ್ವಿಚಾರಕಿ ಅವರ ನರೆತ ತಲೆಯನ್ನು ನೋಡಿದರು. "ಯಾವಾಗ?"

"ಇಪ್ಪತ್ತೇಳು ವರ್ಷ ಆಯ್ತು."

ಮೇಲ್ವಿಚಾರಕಿಯ ಚಾಚಿದ ಕೈ ತಾನಾಗಿ ಇಳಿಯಿತು. ಸಿಗ್ನಲ್ಲು ಹಸಿರಾಗಿ ಬಸ್ಸು ಅಲುಗಾಡುವಷ್ಟರಲ್ಲಿ, ಬಿಗಿಯಾದ ಕೋಟಿನ ಒಂದು ಗುಂಡಿ ಬೀದಿಯಲ್ಲಿ ಕಳೆದುಕೊಂಡು, ಮಾಮ ಬಸ್ಸಿನ ಮೆಟ್ಟಿಲ ಕಂಬಿ ಹಿಡಿದು ನೇತಾಡಿದರು. ಮೇಲಂತಸ್ತಿನವರೆಲ್ಲ ಚಪ್ಪಾಳೆ ತಟ್ಟಿದರು. ಅತ್ತೆ ತಟ್ಟಲಿಲ್ಲ. ಪಕ್ಕದಲ್ಲಿ ಬಂದು ನಿಂತು ಮೂಗು ಬಾಯಿಯಲ್ಲಿ ಉಸಿರಾಡುತ್ತಿದ್ದ ಗಂಡನನ್ನು ನೋಡಿದರು.

"ಬದಲಿ ಬಂದ್ನಾ?"

"ಇಲ್ಲ."

ಅತ್ತೆ ಸೀಟಿನ ಮೇಲಿದ್ದ ಟೋಪಿಯನ್ನು ಎತ್ತಿಕೊಂಡರು.

"ಅಲ್ಲಿ ನಿಮ್ಮ ಬೆನ್ನ ಹಿಂದೆ ಏನಿತ್ತು?" ಎಂದು ಕೇಳಿದರು, ಎರಡು ಬೀದಿ ದಾಟಿದ ಮೇಲೆ.

"ಮೊಳೆ."

"ಮೊಳೆನಾ?"

"ಮೊಳೆ. ಯಾರೂ ಮುಟ್ಟಿಲ್ಲ."

ಅತ್ತೆ ನಗಲು ಶುರುಮಾಡಿದವರು ಗೋಪುರ ಬರುವವರೆಗೆ ನಿಲ್ಲಿಸಲಿಲ್ಲ. ಮಧ್ಯೆ ಒಮ್ಮೆ ಕಣ್ಣೊರೆಸಿಕೊಂಡರು.

ಗೋಪುರದ ತುದಿ ತಲುಪಿದಾಗ ಸೂರ್ಯ ಇನ್ನೂ ಒಂದು ಹಿಡಿ ಮೇಲಿದ್ದ. ಜನವೆಲ್ಲ ಕಟಕಟೆಗೆ ಒತ್ತಿ ನಿಂತು ಆಚೆ ನೋಡುತ್ತಿದ್ದರು. ಮಾಮನೂ ಕಟಕಟೆಯ ಬಳಿ ಹೋದರು, ತಿರುಗಿ ನಿಂತರು. ನಗರಕ್ಕೆ ಬೆನ್ನು, ಜನಕ್ಕೆ ಕಣ್ಣು, ಮೈಮೇಲೆ ಕೋಟು. ಒಬ್ಬಾತ ಬಂದು ಶೌಚಾಲಯ ಎಲ್ಲಿದೆ ಎಂದು ಕೇಳಿದ. ಇನ್ನೊಬ್ಬಳು ಕಟಕಟೆಯ ಮೇಲೆ ಬಾಗಿದಳು. "ಸ್ವಲ್ಪ ಹಿಂದೆ ನಿಲ್ಲಮ್ಮ," ಎಂದರು ಮಾಮ.

ಅತ್ತೆ ಮುಚ್ಚಳವನ್ನು ಕಂಕುಳಲ್ಲಿ ಇಟ್ಟುಕೊಂಡು ಗಂಡನ ಎರಡೂ ಭುಜ ಹಿಡಿದರು. ಬೀರುವನ್ನು ತಿರುಗಿಸುವ ಹಾಗೆ, ಒಂದೊಂದೇ ಪಾದ ಸರಿಸಿ, ಪೂರ್ತಿ ತಿರುಗಿಸಿದರು.

ಕೆಳಗೆ ನಗರವೆಲ್ಲ ಕೆಂಪಾಗಿತ್ತು. ದೂರದಲ್ಲೆಲ್ಲೋ ಸಂಗ್ರಹಾಲಯದ ಸೂರೂ ಇತ್ತು, ಬೆಂಕಿಪೆಟ್ಟಿಗೆಯಷ್ಟು. ಮಾಮ ಕಟಕಟೆ ಹಿಡಿದು ಬಹಳ ಹೊತ್ತು ನೋಡಿದರು. ಬೆನ್ನ ಹಿಂದೆ ಜನ ಏನೇನು ಮುಟ್ಟುತ್ತಿದ್ದರೋ, ತಿರುಗಲಿಲ್ಲ.

"ಹೇಗಿದೆ?" ಎಂದರು ಅತ್ತೆ.

ಮಾಮನಿಗೆ ಇಪ್ಪತ್ತೇಳು ವರ್ಷ ಬಾಯಿಗೆ ಬಾರದ ಒಂದು ಪ್ರಶ್ನೆ ಆಗ ಬಂತು.

"ಅವಳು ಹುಟ್ಟಿ ಮೊದಲ್ನೇ ಸಲ ಕಣ್ಣು ಬಿಟ್ಟಾಗ ಹೇಗಿದ್ಲು?"

ಅತ್ತೆ ಮುಚ್ಚಳದ ಮೇಲಿನ ಆ ಕಡ್ಡಿಯಂಥ ಇಬ್ಬರನ್ನು ಹೆಬ್ಬೆರಳಿನಿಂದ ಸವರಿದರು.

"ನಿಮ್ಮ ಹಾಗೇ," ಎಂದರು. "ನನ್ನ ಕಡೆ ನೋಡ್ಲೇ ಇಲ್ಲ. ಬಾಗಿಲ ಕಡೆನೇ ನೋಡ್ತಿದ್ಲು."

ಮೇಲೆ ಗಾಳಿ ಜೋರಾಗಿತ್ತು. ಮಾಮ ಕೋಟು ಬಿಚ್ಚಿ ಅತ್ತೆಯ ಹೆಗಲಿಗೆ ಹೊದಿಸಿದರು.